ಅಂಚು

ಕೋಲಾರದ ಗಡಿಯಾರ ಗೋಪುರದ ಹಿಂದಿನ ಸಂದಿಯಲ್ಲಿ
ಇನಾಯತ್ ಸಾಬರ ಬೈಂಡಿಂಗ್ ಅಂಗಡಿ.
ಕೋರ್ಟಿನ ರಿಜಿಸ್ಟರು, ಶಾಲೆಯ ಹಾಜರಿ ಪುಸ್ತಕ,
ಮೈದಾ ಅಂಟಿನ ಹುಳಿ ವಾಸನೆ.
ಅವುಗಳ ನಡುವೆ ಅತ್ತೆಯ ವೇದಪುಸ್ತಕ ಇಟ್ಟು ಬಂದಿದ್ದೆ,
ಬೆನ್ನು ಮುರಿದದ್ದು, ಹೊಲಿಗೆ ಬಿಟ್ಟದ್ದು.
ಓದುವುದಕ್ಕಲ್ಲ.
ಸತ್ತವರ ಸೀರೆಯನ್ನು ಇಸ್ತ್ರಿ ಮಾಡಿಸಿ
ಎತ್ತಿಡುತ್ತೇವಲ್ಲ, ಹಾಗೆ.

ನಾನು ಓದುವುದು ಬಿಟ್ಟು ಹದಿನಾಲ್ಕು ತಿಂಗಳು.
ಮಿಷನ್ ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಕೆಲಸ.
ತಮ್ಮ ಎಬನೇಜರನ ರಕ್ತ
ನನ್ನ ಕೈಯಲ್ಲೇ ಬೆಚ್ಚಗಿತ್ತು.
ಕ್ರಿಯಾಟಿನಿನ್ ಹನ್ನೊಂದು ಪಾಯಿಂಟ್ ನಾಲ್ಕು.
ಯಂತ್ರ ಕೆಟ್ಟಿರಬಹುದೆಂದು ಇನ್ನೊಮ್ಮೆ ಹಾಕಿದೆ.
ಹನ್ನೊಂದು ಪಾಯಿಂಟ್ ನಾಲ್ಕು.
ಆ ರಾತ್ರಿ ಸ್ತ್ರೀಯರ ಕೂಟದವರು ಬಂದರು,
ಮಂಚದ ಸುತ್ತ ನಿಂತು ವಾಗ್ದಾನ ಓದಿದರು,
ಗುಣವಾಯಿತು ಎಂದೇ ತಿಳಿದುಕೋ ಎಂದರು.
ವರದಿಗೆ ಸಹಿ ಹಾಕಿದವಳು ನಾನು.
ತಿಳಿದುಕೊಳ್ಳುವುದಕ್ಕೆ ಇನ್ನೇನು ಉಳಿದಿತ್ತು?

ಆಮೇಲೂ ಚರ್ಚಿಗೆ ಹೋದೆ. ಹೋಗದಿದ್ದರೆ
ಅಮ್ಮನನ್ನು ಕೇಳುತ್ತಾರೆ.
ನಂಬುತ್ತೇನೆ ಎಂದು ಎಲ್ಲರೂ ದನಿ ಎತ್ತುವಲ್ಲಿ
ತುಟಿ ಮಾತ್ರ ಆಡಿಸಿದೆ.
ಜೀವರತ್ನತ್ತೆ ಇದ್ದಿದ್ದರೆ ಕಂಡುಹಿಡಿಯುತ್ತಿದ್ದಳು.
ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನ ನರ್ಸು;
ಅವಳ ನಂಬಿಕೆ ಅಂತರಗಂಗೆ ಬೆಟ್ಟದ ಬಂಡೆ
ಎಂದು ಅವಳ ಮಣ್ಣಿನ ದಿನ ಅಯ್ಯನವರು ಹೇಳಿದ್ದರು.
ಬಂಡೆಗೆ ನಾನೇನು ಹೇಳಲಿ?

ಗುರುವಾರ ಸಾಬರ ಫೋನು:
"ಅಮ್ಮಾ, ಅಂಚು ಕತ್ತರಿಸೋದಾ ಬೇಡ್ವಾ?
ಕತ್ತರಿಸಿದ್ರೆ ನೀಟಾಗಿ ಬರ್ತದೆ.
ಆದ್ರೆ ಪಕ್ಕದಲ್ಲಿ ಪೆನ್ಸಿಲಲ್ಲಿ ಏನೋ ಬರ್ದವ್ರೆ,
ಅರ್ಧ ಹೊಂಟೋಗ್ತದೆ.
ನಾನು ಓದಿಲ್ಲ, ದೇವರ ಪುಸ್ತಕ.
ಬಂದು ನೋಡಿ ಹೇಳ್ರಿ."

ಹೋದೆ.
ಕತ್ತರಿಸುವ ಯಂತ್ರದ ಬಾಯಲ್ಲಿ ಪುಟಗಳು ಬಿಗಿದು ಕೂತಿದ್ದವು.
ಸಾಬರು ತಿರುಪು ಸಡಿಲಿಸಿ ಕೈಗೆ ಕೊಟ್ಟರು.
ಒಂದು ವಾಕ್ಯದ ಪಕ್ಕ
(ಯಾವುದೆಂದು ಹೇಳುವುದಿಲ್ಲ, ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲೂ ಇದ್ದೀತು)
ಅತ್ತೆಯ ಸಾಸಿವೆಯಂಥ ಅಕ್ಷರ:
೭೩ ಜೂನ್. ಮೂರನೇ ಮಂಚದ ಕೂಸು ಉಳಿಯಲಿಲ್ಲ. ?
ಕೆಳಗೆ, ೭೮. ಅವರು ಮನೆ ಬಿಟ್ಟು ಹೋದರು. ?
ಅದರ ಕೆಳಗೆ, ೮೬. ಉತ್ತರ ಇಲ್ಲ. ನಾಳೆ ಮತ್ತೆ ಓದುವುದು.
೯೧ಕ್ಕೆ ಮಾತೇ ಇಲ್ಲ, ಬರೇ ಪ್ರಶ್ನೆ ಚಿಹ್ನೆ,
ಕಾಗದ ತೂತಾಗುವಷ್ಟು ಒತ್ತಿ.

ನಾನು ಆ ಸ್ಟೂಲಿನ ಮೇಲೆ ಕೂತುಬಿಟ್ಟೆ.
ಬಂಡೆ ಅಂದರು. ಆ ಬೆಟ್ಟದ ಬಂಡೆಯೊಳಗಿಂದಲೇ ಅಲ್ಲವೆ
ಬೇಸಿಗೆಯಲ್ಲೂ ನೀರು ಬರುವುದು,
ಎಲ್ಲಿಂದಲೋ, ಯಾರಿಗೂ ಗೊತ್ತಿಲ್ಲದೆ?
ಪುಟ ತಿರುವಿದೆ, ಅವಳ ಬರಹ ಹುಡುಕುತ್ತ.
ಹುಡುಕುವಾಗ ಅಚ್ಚಿನ ಸಾಲುಗಳೂ ಕಣ್ಣಿಗೆ ಬಿದ್ದವು:
ಬೂದಿಯಲ್ಲಿ ಕೂತು ದೇವರೊಡನೆ ವ್ಯಾಜ್ಯ ಹೂಡಿದವನು,
ಗಾಯ ಮುಟ್ಟದೆ ಒಪ್ಪೆನೆಂದವನು.
ಇಷ್ಟು ಶತಮಾನ ಎಷ್ಟು ಕೈ ದಾಟಿ ಬಂದಿದೆ ಈ ಪುಸ್ತಕ!
ನೀಟಾಗಿ ಬರಲೆಂದು
ಅವರನ್ನು ಯಾರೂ ಕತ್ತರಿಸಿ ಎಸೆದಿರಲಿಲ್ಲ.

"ಬೇಡ ಸಾಬರೆ. ಹಾಗೇ ಹೊಲೀರಿ."
"ಒರಟಾಗಿ ಕಾಣ್ತದಮ್ಮಾ."
"ಕಾಣಲಿ."

ಶನಿವಾರ ತಂದೆ. ಕಪ್ಪು ರೆಕ್ಸಿನ್ನು, ಇನ್ನೂರ ಎಂಬತ್ತು ರೂಪಾಯಿ.
ರಾತ್ರಿ ಆ ವಾಕ್ಯ ತೆರೆದು ಓದಿದೆ, ಒಮ್ಮೆ.
ಏನೂ ಆಗಲಿಲ್ಲ. ಎದೆ ತುಂಬಿ ಬರಲಿಲ್ಲ.
ಹನ್ನೊಂದು ಪಾಯಿಂಟ್ ನಾಲ್ಕು
ಹನ್ನೊಂದು ಪಾಯಿಂಟ್ ನಾಲ್ಕಾಗಿಯೇ ಇತ್ತು.
ಆದರೂ ಅತ್ತೆಯ ಸಾಲಿನಡಿ ಒಂದು ಬೆರಳಗಲ ಜಾಗವಿತ್ತು,
ನನ್ನ ಕೋಟಿನ ಜೇಬಿನಲ್ಲಿ ಪೆನ್ಸಿಲಿತ್ತು.
ಇಸವಿ ಬರೆದೆ. ಎಬನೇಜರ ಎಂದು ಬರೆದೆ.
ಪ್ರಶ್ನೆಯ ಕೊಂಡಿ ಎಳೆದೆ.

ಒಳಗಿಂದ ಅಮ್ಮ: "ಓದ್ತಾ ಇದೀಯೇನೆ?"

ತಟ್ಟನೆ ಹೂಂ ಅನ್ನಲಾಗಲಿಲ್ಲ.
ಚುಕ್ಕೆ ಇನ್ನೂ ಇಟ್ಟಿರಲಿಲ್ಲ.